ಹಳ್ಳ ತೊಳೆಯುವ ಮುನ್ನ ಮೋರಿಯ ಬಾಯಿ ನೋಡಿ
ಪಂಜಾಬಿನ ಕಾಲಿ ಬೇಯ್ನ್ ಹೊಳೆಯ ಕರಸೇವೆಯಿಂದ ಕಾಫಿ–ಅಡಿಕೆ ಬೆಳೆಗಾರರಿಗೆ ಒಂದು ಪಾಠ



ಕಾಫಿ ಕೊಯ್ಲಿನ ಕಾಲದಲ್ಲಿ, ಪಲ್ಪರಿನ ನೀರು ಬಂದು ಸೇರುವ ಹಳ್ಳದ ದಂಡೆಯಲ್ಲಿ ನಡೆದವರಿಗೆ ಒಂದು ಹುಳಿ ನಾತದ ಪರಿಚಯ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿದ ನೀರು ದೀಪಾವಳಿಯ ಹೊತ್ತಿಗೆ ತಳದ ಕಲ್ಲು ಕಾಣುವಷ್ಟು ತಿಳಿಯಾಗುತ್ತದೆ. ಪಲ್ಪಿಂಗ್ ಆರಂಭವಾಗಿ ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ನೀರು ಕಂದು ಬಣ್ಣಕ್ಕೆ ತಿರುಗಿ, ನೊರೆ ಕಟ್ಟಿ, ಕಲ್ಲುಗಳ ಮೇಲೆ ಲೋಳೆ ಹಿಡಿಯುತ್ತದೆ. ನೀರಿಗೆ ಇಳಿದ ದನ ಮೂಸಿ ನೋಡಿ ಹಿಂದಕ್ಕೆ ಬರುತ್ತದೆ.

ಈಗ ಅನೇಕ ಊರುಗಳಲ್ಲಿ ಯುವಕ ಸಂಘದವರು, ಶಾಲಾ ಮಕ್ಕಳು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಸೇರಿ ಹಳ್ಳ, ಹೊಳೆಗಳನ್ನು ಶ್ರಮದಾನದಿಂದ ಸ್ವಚ್ಛ ಮಾಡುತ್ತಿದ್ದಾರೆ. ಇದು ಬಹಳ ಸಂತೋಷದ ವಿಷಯ. ಆದರೆ ಒಂದು ಭಾನುವಾರ ಬೆವರು ಸುರಿಸಿ ತೆಗೆದ ಕಸ ಮುಂದಿನ ವರ್ಷ ಅದೇ ಜಾಗದಲ್ಲಿ ಬಂದು ಕುಳಿತಿರುತ್ತದೆ. ಅದೇ ನಾತ, ಅದೇ ಲೋಳೆ. ಹೀಗೇಕಾಗುತ್ತದೆ? ಜನರ ಶ್ರಮ ನಿಲ್ಲುವಂತೆ ಮಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ನಮ್ಮಿಂದ ಬಹುದೂರದ ಒಂದು ಹೊಳೆಯ ಕಥೆಯನ್ನು ತಿಳಿಯೋಣ. ಆಮೇಲೆ ನಮ್ಮ ಹಳ್ಳಕ್ಕೆ ಬರೋಣ.

ಕಾಲಿ ಬೇಯ್ನ್

ಪಂಜಾಬ್ ರಾಜ್ಯದ ಹೋಶಿಯಾರ್‌ಪುರ ಜಿಲ್ಲೆಯಲ್ಲಿ ಹುಟ್ಟಿ, ಕಪೂರ್‌ತಲಾ ಜಿಲ್ಲೆಯನ್ನು ಹಾದು, ಬಿಯಾಸ್ ಮತ್ತು ಸಟ್ಲೆಜ್ ನದಿಗಳು ಕೂಡುವ ಹರಿಕೆಯ ಹತ್ತಿರ ಕೊನೆಗೊಳ್ಳುವ ಹೊಳೆ ಕಾಲಿ ಬೇಯ್ನ್. ಉದ್ದ ಸುಮಾರು 160 ಕಿಲೋಮೀಟರು. ಅದರ ದಡದಲ್ಲಿರುವ ಸುಲ್ತಾನ್‌ಪುರ ಲೋಧಿ ಎಂಬ ಊರಿನಲ್ಲಿ ಗುರು ನಾನಕರು ಹಲವು ವರ್ಷ ವಾಸವಾಗಿದ್ದರು. ಈ ಹೊಳೆಯಲ್ಲಿ ಸ್ನಾನಕ್ಕೆ ಇಳಿದು ಮೂರು ದಿನ ಕಾಣದೆ ಹೋಗಿ, ಜ್ಞಾನ ಪಡೆದು ಮರಳಿದರೆಂಬುದು ಸಿಖ್ಖರ ನಂಬಿಕೆ. ನಮಗೆ ತಲಕಾವೇರಿ ಹೇಗೋ ಅವರಿಗೆ ಈ ಹೊಳೆ ಹಾಗೆ.

ಅಷ್ಟು ಪವಿತ್ರವಾದ ಹೊಳೆಯೂ ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕೊಳಚೆಯ ಮೋರಿಯಾಗಿತ್ತು. ದಡದ ಪಟ್ಟಣಗಳು ಮತ್ತು ಹತ್ತಾರು ಹಳ್ಳಿಗಳು ತಮ್ಮ ಬಚ್ಚಲು, ಕಕ್ಕಸಿನ ನೀರನ್ನು ನೇರವಾಗಿ ಅದಕ್ಕೆ ಬಿಡುತ್ತಿದ್ದವು. ನೀರಕಳೆ ದಟ್ಟವಾಗಿ ಬೆಳೆದು, ಹೂಳು ತುಂಬಿ, ಕೆಲವು ಕಡೆ ಹೊಳೆಯೇ ಕಾಣುತ್ತಿರಲಿಲ್ಲ. ಮೇಲ್ಭಾಗದ ಹೊಲಗಳಲ್ಲಿ ನೀರು ಹರಿಯದೆ ನಿಂತು ಬೆಳೆ ಕೊಳೆಯುತ್ತಿತ್ತು. ಕೆಳಭಾಗದವರಿಗೆ ನೀರೇ ಸಿಗುತ್ತಿರಲಿಲ್ಲ. ಹೊಳೆ ಕೆಟ್ಟರೆ ಮೇಲಿನವನಿಗೂ ನಷ್ಟ, ಕೆಳಗಿನವನಿಗೂ ನಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕರಸೇವೆ ನಡೆದ ರೀತಿ

2000ನೇ ಇಸವಿ ಜುಲೈ ತಿಂಗಳಲ್ಲಿ ಸೀಚೇವಾಲ್ ಗ್ರಾಮದ ಸಂತ ಬಾಬಾ ಬಲಬೀರ್ ಸಿಂಗ್ ಅವರು ಸುಲ್ತಾನ್‌ಪುರ ಲೋಧಿಯಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಸರ್ಕಾರದ ಯೋಜನೆಗಾಗಿ ಕಾಯಲಿಲ್ಲ. ತಾವೇ ನೀರಿಗಿಳಿದು ಕಳೆ ಕೀಳತೊಡಗಿದರು. ಸಿಖ್ಖರಲ್ಲಿ ಗುರುದ್ವಾರದ ಕೊಳದ ಹೂಳನ್ನು ಭಕ್ತರೇ ಎತ್ತುವ ಕರಸೇವೆಯ ಪದ್ಧತಿ ಹಿಂದಿನಿಂದಲೂ ಇದೆ. ಆ ಪದ್ಧತಿಯನ್ನೇ ಅವರು ಹೊಳೆಗೆ ತಂದರು. ಊರೂರಿನಿಂದ ಜನ ಬಂದರು. ಕೆಲವರು ದುಡಿದರು, ಕೆಲವರು ಟ್ರ್ಯಾಕ್ಟರು ಕೊಟ್ಟರು, ಕೆಲವರು ಡೀಸೆಲ್ ಕೊಟ್ಟರು, ಕೆಲವರು ದುಡಿಯುವವರಿಗೆ ಊಟ ಮಾಡಿ ಬಡಿಸಿದರು. ಕಳೆಯನ್ನು ಕೈಯಿಂದ ಕಿತ್ತರು, ಹೂಳನ್ನು ಯಂತ್ರದಿಂದ ತೆಗೆದರು, ದಡ ಕಟ್ಟಿದರು, ಸ್ನಾನಘಟ್ಟಗಳನ್ನು ಮಾಡಿದರು, ದಡದ ಮೇಲೆ ಗಿಡ ನೆಟ್ಟರು. ಮುಕೇರಿಯಾನ್ ಬಳಿಯ ಜಲವಿದ್ಯುತ್ ಕಾಲುವೆಯಿಂದ ಹೊಳೆಗೆ ನೀರು ಬಿಡಿಸಿಕೊಂಡರು. ಹೊಳೆ ಮತ್ತೆ ಹರಿಯಿತು.

2006ರಲ್ಲಿ ಅಂದಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಸುಲ್ತಾನ್‌ಪುರ ಲೋಧಿಗೆ ಬಂದು ಈ ಕೆಲಸವನ್ನು ಕಣ್ಣಾರೆ ಕಂಡರು. 2017ರಲ್ಲಿ ಬಾಬಾ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. 2022ರಲ್ಲಿ ಅವರು ರಾಜ್ಯಸಭೆಯ ಸದಸ್ಯರಾದರು.

ಕರಸೇವೆಯೊಂದೇ ಸಾಲಲಿಲ್ಲ

ಇಲ್ಲಿಯವರೆಗಿನ ಕಥೆಯನ್ನು ಅನೇಕರು ಕೇಳಿರಬಹುದು. ನಾವು ಕಲಿಯಬೇಕಾದ ಪಾಠ ಇದರ ಮುಂದಿನ ಭಾಗದಲ್ಲಿದೆ.

ಕಳೆ ಕಿತ್ತು, ಹೂಳೆತ್ತಿ, ಹೊಳೆಯನ್ನು ಹರಿಸಿದರೂ ಪಟ್ಟಣ, ಹಳ್ಳಿಗಳ ಮೋರಿಗಳು ಹೊಳೆಗೇ ಬೀಳುತ್ತಿದ್ದವು. ಮೋರಿಯ ನೀರು ನಿಲ್ಲದೆ ಕರಸೇವೆ ಮುಗಿಯುವುದಿಲ್ಲ ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಹಳ್ಳಿಯ ಕೊಳಚೆಯನ್ನು ಬೇರೆ ದಾರಿಗೆ ತಿರುಗಿಸುವ ಏರ್ಪಾಡು ಮಾಡಿದರು. ಮನೆಗಳ ನೀರನ್ನು ನೆಲದಡಿಯ ಕೊಳವೆಯಲ್ಲಿ ತಂದು, ಒಂದರ ಮುಂದೊಂದು ಕಟ್ಟಿದ ಬಾವಿಯಂಥ ತೊಟ್ಟಿಗಳಲ್ಲಿ ಹಾಯಿಸಿ, ಮಡ್ಡಿ ಮತ್ತು ಜಿಡ್ಡನ್ನು ಬೇರ್ಪಡಿಸಿ, ಉಳಿದ ನೀರನ್ನು ಬಿಸಿಲಿಗೆ ತೆರೆದ ಕೊಳದಲ್ಲಿ ನಿಲ್ಲಿಸುವುದು; ಅಲ್ಲಿ ಹದವಾದ ನೀರನ್ನು ಪಂಪಿನಿಂದ ಎತ್ತಿ ಹೊಲಕ್ಕೆ ಹಾಯಿಸುವುದು. ಇದಕ್ಕೆ ಸೀಚೇವಾಲ್ ಮಾದರಿ ಎಂದು ಹೆಸರಾಯಿತು. ಹೊಳೆಗೆ ವಿಷವಾಗಿದ್ದ ನೀರು ಹೊಲಕ್ಕೆ ಗೊಬ್ಬರವಾಯಿತು. ರೈತನಿಗೆ ಲಾಭ ಕಂಡದ್ದರಿಂದ ಆ ಏರ್ಪಾಡು ಉಳಿಯಿತು.

ಆದರೂ ಕೆಲಸ ಪೂರ್ತಿಯಾಗಿಲ್ಲ. ಶುದ್ಧಿಯಾಗದ ಕೊಳಚೆ ಸೇರಿ ಕಾಲಿ ಬೇಯ್ನ್‌ನಲ್ಲಿ ಮೀನುಗಳು ಸತ್ತು ತೇಲಿದ ಸುದ್ದಿ ನಂತರದ ವರ್ಷಗಳಲ್ಲೂ ಬಂದಿದೆ. ಅಷ್ಟು ಜನರ ಭಕ್ತಿ, ಅಷ್ಟು ವರ್ಷಗಳ ದುಡಿಮೆ ಇದ್ದ ಕಡೆಯೂ ಒಂದು ಮೋರಿ ತೆರೆದರೆ ಸಾಕು, ಹೊಳೆ ಮತ್ತೆ ಕೆಡುತ್ತದೆ. ಗುದ್ದಲಿ ಹಿಡಿದ ಕೈ ಹೊಳೆಯನ್ನು ಒಂದು ಸಲ ತೊಳೆಯಬಲ್ಲದು. ಅದನ್ನು ಶುದ್ಧವಾಗಿ ಇಡುವುದು ಮೋರಿಯನ್ನು ತಿರುಗಿಸಿದ ಕೈ.

ನಮ್ಮ ಹಳ್ಳದ ಲೆಕ್ಕ

ಈಗ ನಮ್ಮ ಊರಿಗೆ ಬರೋಣ. ನಮ್ಮ ತೋಟಗಳ ನಡುವಿನ ಹಳ್ಳಗಳೇ ಮುಂದೆ ಹೇಮಾವತಿ, ಭದ್ರಾ, ತುಂಗಾ, ಕಾವೇರಿ, ನೇತ್ರಾವತಿ ನದಿಗಳಾಗುವುದು. ನಾವು ನದಿಯ ಮೂಲದಲ್ಲಿ ಕುಳಿತವರು. ನಮ್ಮ ಮೇಲೆ ದೊಡ್ಡ ಪಟ್ಟಣಗಳಿಲ್ಲ. ನಮ್ಮ ಹಳ್ಳಕ್ಕೆ ಬೀಳುವ ಕೊಳೆಯ ಬಹುಪಾಲು ನಮ್ಮದೇ.

ಕಾಫಿ ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಸಿಪ್ಪೆ. ಸಿಪ್ಪೆಯಲ್ಲಿಯೂ ಬೀಜಕ್ಕೆ ಅಂಟಿದ ಲೋಳೆಯಲ್ಲಿಯೂ ಸಕ್ಕರೆಯ ಅಂಶ ಬಹಳ. ಪಲ್ಪರಿನ ನೀರಿನಲ್ಲಿ ಇದು ಕರಗಿ, ಹುಳಿತು, ಆಮ್ಲವಾಗುತ್ತದೆ. ಇದು ವಿಷವಲ್ಲ, ಹಣ್ಣಿನ ರಸವಷ್ಟೇ ಎಂದು ಕೆಲವರು ವಾದಿಸುತ್ತಾರೆ. ಮೀನು ಸಾಯುವುದು ವಿಷದಿಂದಲೇ ಆಗಬೇಕಿಲ್ಲ, ಉಸಿರು ಕಟ್ಟಿಯೂ ಸಾಯುತ್ತದೆ. ನೀರಿಗೆ ಸೇರಿದ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ತಿಂದು ಬೆಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಒಂದು ಲೀಟರ್ ಕೊಳೆನೀರು ಹೀಗೆ ಎಷ್ಟು ಆಮ್ಲಜನಕವನ್ನು ಬೇಡುತ್ತದೆ ಎಂಬ ಅಳತೆಗೆ ಬಿ.ಓ.ಡಿ. ಎನ್ನುತ್ತಾರೆ.

ಒಂದು ಲೀಟರ್ ತಿಳಿನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಮನೆಯ ಕೊಳಚೆ ನೀರು ಲೀಟರಿಗೆ 200ರಿಂದ 300 ಮಿಲಿಗ್ರಾಂ ಬೇಡುತ್ತದೆ. ಪಲ್ಪರಿನ ನೀರಿನ ಬೇಡಿಕೆ ಕೆಲವು ಸಾವಿರ ಮಿಲಿಗ್ರಾಂ. 4,000 ಎಂದಿಟ್ಟುಕೊಂಡು ಲೆಕ್ಕ ಮಾಡಿ. ಒಂದು ಲೀಟರ್ ಪಲ್ಪರಿನ ನೀರು 500 ಲೀಟರ್ ತಿಳಿನೀರಿನ ಉಸಿರನ್ನು ತೆಗೆಯಬಲ್ಲದು. ಸೆಕೆಂಡಿಗೆ 10 ಲೀಟರ್ ಹರಿಯುವ ಹಳ್ಳದಲ್ಲಿ ದಿನಕ್ಕೆ ಹರಿಯುವುದು 8,64,000 ಲೀಟರ್. ಅದಕ್ಕೆ ದಿನವೊಂದಕ್ಕೆ 2,000 ಲೀಟರ್ ಪಲ್ಪರಿನ ನೀರು ಬಿಟ್ಟರೆ, ಅದು ಬೇಡುವುದು 10 ಲಕ್ಷ ಲೀಟರ್ ನೀರಿನ ಆಮ್ಲಜನಕವನ್ನು. ಇಡೀ ದಿನದ ಹಳ್ಳವೇ ಸಾಲದು. ಕಲ್ಲುಗಳ ಮೇಲೆ ಧುಮುಕುವಾಗ ಹಳ್ಳ ಗಾಳಿಯಿಂದ ಸ್ವಲ್ಪ ಆಮ್ಲಜನಕ ಪಡೆಯುತ್ತದೆ, ಸಕ್ಕರೆ ಕೊಳೆಯುವುದಕ್ಕೂ ಕೆಲವು ದಿನ ಬೇಕು. ಆದ್ದರಿಂದ ಇದು ಸ್ಥೂಲ ಲೆಕ್ಕ. ಆದರೂ ಒಂದು ಸಣ್ಣ ಪಲ್ಪರಿನ ಶಕ್ತಿ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಮಾತು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಹಿಂದೆಯೇ ಮಾರ್ಚಿಯವರೆಗೆ. ಹಳ್ಳ ದಿನೇ ದಿನೇ ಇಳಿಯುವ ಕಾಲವೂ ಅದೇ. ಜುಲೈ ತಿಂಗಳಲ್ಲಿ ಹಳ್ಳ ತಾಳಿಕೊಳ್ಳಬಹುದಾದ ಹೊರೆಯನ್ನು ಫೆಬ್ರವರಿಯಲ್ಲಿ ತಾಳಲಾರದು.

ಮೋರಿಯನ್ನು ತಿರುಗಿಸುವುದು

1. ನೀರು ಉಳಿಸಿ: ಮೊದಲ ಉಪಾಯ ನೀರನ್ನೇ ಕಡಿಮೆ ಬಳಸುವುದು. ಪಲ್ಪರಿಗೆ ಬಿಟ್ಟ ನೀರನ್ನು ಸೋಸಿ ಅದೇ ದಿನ ಮತ್ತೆ ಬಳಸಿ. ಕಡಿಮೆ ನೀರಿನಲ್ಲಿ ಸಿಪ್ಪೆ ಸುಲಿದು ಲೋಳೆಯನ್ನೂ ತೆಗೆಯುವ ಯಂತ್ರಗಳು ಈಗ ಬಂದಿವೆ. ಒಬ್ಬೊಬ್ಬರಿಗೆ ಭಾರವಾದರೆ ನಾಲ್ಕಾರು ಸಣ್ಣ ಬೆಳೆಗಾರರು ಸೇರಿ ಒಂದನ್ನು ಹಾಕಿಕೊಳ್ಳಬಹುದು. ಪಲ್ಪಿಂಗ್ ಮಾಡದೆ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡುವವರಿಂದ ಹಳ್ಳಕ್ಕೆ ಈ ತೊಂದರೆಯೇ ಇಲ್ಲ.

2. ಸಿಪ್ಪೆಯನ್ನು ನೀರಿನಿಂದ ಬೇರೆ ಇಡಿ: ಪಲ್ಪರಿನ ಬಾಯಿಂದಲೇ ಸಿಪ್ಪೆಯನ್ನು ಜಾಲರಿಯಲ್ಲಿ ಹಿಡಿದು, ಹಳ್ಳದಿಂದ ದೂರದ ಗುಂಡಿಗೆ ಸಾಗಿಸಿ. ಸಗಣಿ, ಸೊಪ್ಪು, ಸ್ವಲ್ಪ ಸುಣ್ಣ ಪದರ ಪದರವಾಗಿ ಹಾಕಿ, ಆಗಾಗ ಮಗುಚಿದರೆ ಕೆಲವು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ಹಳ್ಳಕ್ಕೆ ಬಿಟ್ಟ ಸಿಪ್ಪೆ ಎಂದರೆ ಹಣ ಕೊಟ್ಟು ತರುವ ಗೊಬ್ಬರವನ್ನು ಹಳ್ಳಕ್ಕೆ ಬಿಟ್ಟಂತೆ.

3. ಉಳಿದ ನೀರನ್ನು ಹದಗೊಳಿಸಿ: ಮೊದಲ ತೊಟ್ಟಿಯಲ್ಲಿ ಸುಣ್ಣ ಬೆರೆಸಿ ಹುಳಿಯನ್ನು ಮುರಿಯಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಪಿ.ಎಚ್. ಕಾಗದದಲ್ಲಿ 7ರ ಹತ್ತಿರ ಬಂದರೆ ಸರಿ. ಅನಂತರ ಆಳವಾದ ಕೊಳದಲ್ಲಿ ಸಾಮಾನ್ಯವಾಗಿ ಮೂರು ವಾರ, ಆಮೇಲೆ ಗಾಳಿಯಾಡುವ ಕೊಳದಲ್ಲಿ ಒಂದು ವಾರ ನಿಲ್ಲಿಸಬೇಕು. ಕೊಳ ಇಂಗದಂತೆ ತಳ ಗಟ್ಟಿ ಮಾಡಿ. ಬಾವಿಗೂ ಹಳ್ಳಕ್ಕೂ ದೂರವಿರಲಿ. ಹದವಾದ ನೀರನ್ನು ತೋಟಕ್ಕೇ ಹಾಯಿಸಿ, ಹಳ್ಳಕ್ಕೆ ಬಿಡಬೇಡಿ. ತೊಟ್ಟಿಗಳ ಅಳತೆ ನಿಮ್ಮ ಬೆಳೆಯ ಮೇಲೆ ಹೋಗುತ್ತದೆ; ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಗುಂಡಿ ತೆಗೆಯಿರಿ.

4. ಅಡಿಕೆ ಬೆಳೆಗಾರರಿಗೆ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಇರುತ್ತದೆ. ತಾಮ್ರ ಅತಿ ಸ್ವಲ್ಪವಿದ್ದರೂ ಮೀನಿಗೆ ಮಾರಕ. ಡ್ರಮ್ಮು, ಪಂಪು, ಪೈಪುಗಳನ್ನು ಹಳ್ಳದಲ್ಲಿ ತೊಳೆಯಲೇಬಾರದು. ತೊಳೆದ ನೀರನ್ನು ತೋಟದಲ್ಲಿಯೇ ಚೆಲ್ಲಿ. ಅಡಿಕೆ ಬೇಯಿಸಿ ಉಳಿದ ಚೊಗರಿನ ನೀರನ್ನು ಮೋರಿಗೆ ಬಿಡದೆ ಗುಂಡಿಗೆ ಹಾಕಿ. ಸುಲಿದ ಸಿಪ್ಪೆಯನ್ನು ರಸ್ತೆಬದಿಗೆ, ಹಳ್ಳದ ದಂಡೆಗೆ ಸುರಿಯುವ ರೂಢಿ ಬಿಡಬೇಕು. ಅದು ಬೇಗ ಕೊಳೆಯುವ ವಸ್ತುವಲ್ಲ; ಮಳೆಗೆ ಕೊಚ್ಚಿಹೋಗಿ ಕೆಳಗಿನ ಮೋರಿಯಲ್ಲಿ ಕಟ್ಟಿಕೊಳ್ಳುತ್ತದೆ. ತೋಟದಲ್ಲಿ ಹೊದಿಕೆಯಾಗಿ ಹಾಕಿದರೆ ತೇವ ಉಳಿಸುತ್ತದೆ.

ಶ್ರಮದಾನದ ಕ್ರಮ

ಹಾಗಾದರೆ ಶ್ರಮದಾನ ಬೇಡವೇ? ಖಂಡಿತ ಬೇಕು. ಹತ್ತು ಮನೆಯವರು ಒಟ್ಟಿಗೆ ನೀರಿಗಿಳಿದಾಗಲೇ ಹಳ್ಳ ನಮ್ಮೆಲ್ಲರದು ಎಂಬ ಭಾವನೆ ಹುಟ್ಟುವುದು. ಕಾಲಿ ಬೇಯ್ನ್‌ನಲ್ಲಿ ಮೋರಿಗಳ ಪ್ರಶ್ನೆಯನ್ನು ಧೈರ್ಯವಾಗಿ ಎತ್ತಲು ಸಾಧ್ಯವಾದದ್ದೂ ಜನ ಮೊದಲು ತಾವು ದುಡಿದು ತೋರಿಸಿದ್ದರಿಂದ. ಆದರೆ ಕೆಲಸಕ್ಕೆ ಒಂದು ಕ್ರಮ ಇರಲಿ.

ಮೊದಲು ನಡೆದು ನೋಡಿ. ಕಸ ಎತ್ತುವ ದಿನಕ್ಕಿಂತ ಮುಂಚೆ, ಪಲ್ಪಿಂಗ್ ನಡೆಯುತ್ತಿರುವಾಗಲೇ, ನಾಲ್ಕೈದು ಜನ ಹಳ್ಳದ ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಎಲ್ಲೆಲ್ಲಿ ಮೋರಿ ಸೇರುತ್ತದೆ, ಎಲ್ಲಿ ಕಸ ಸುರಿಯುತ್ತಾರೆ, ಎಲ್ಲಿ ದಂಡೆ ಕುಸಿದಿದೆ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಅಲ್ಲಲ್ಲಿ ನೀರಿನ ಕಲ್ಲು ಎತ್ತಿ ನೋಡಿ. ಕಲ್ಲಿನಡಿಯಲ್ಲಿ ಕಾಲುಳ್ಳ, ಬಾಲವುಳ್ಳ ಬಗೆಬಗೆಯ ಸಣ್ಣ ಹುಳುಗಳು ಕಚ್ಚಿಕೊಂಡಿದ್ದರೆ ನೀರು ಬಹುಮಟ್ಟಿಗೆ ಚೆನ್ನಾಗಿದೆ. ಕೆಸರಿನಲ್ಲಿ ಕೆಂಪು ಹುಳುಗಳಷ್ಟೇ ಉಳಿದಿದ್ದರೆ ನೀರಿನ ಉಸಿರು ಕಟ್ಟಿದೆ ಎಂದರ್ಥ. ಯಾವ ಮೋರಿಯ ಮೇಲೆ ಹುಳು ಇತ್ತು, ಯಾವ ಮೋರಿಯ ಕೆಳಗೆ ಇಲ್ಲವಾಯಿತು ಎಂಬುದನ್ನು ಗುರುತಿಸಿ. ಶಾಲಾ ಮಕ್ಕಳೂ ಮಾಡಬಹುದಾದ ಪರೀಕ್ಷೆ ಇದು.

ಶ್ರಮದಾನಕ್ಕೆ ನೀರು ಕಡಿಮೆಯಿರುವ ಕಾಲ ಒಳ್ಳೆಯದು. ಕೈಗವಸು, ಗಂಬೂಟು ಇರಲಿ. ಒಡೆದ ಬಾಟಲಿಗಳ ಅಪಾಯ ಒಂದು ಕಡೆ, ಇಲಿಜ್ವರದ ಅಪಾಯ ಇನ್ನೊಂದು ಕಡೆ. ಕೈಕಾಲಿಗೆ ಗಾಯವಾದವರು ನೀರಿಗೆ ಇಳಿಯಬಾರದು. ಕ್ರಿಮಿನಾಶಕದ ಡಬ್ಬಿ ಸಿಕ್ಕರೆ ಮಕ್ಕಳ ಕೈಗೆ ಕೊಡದೆ ಬೇರೆಯೇ ಇಡಿ. ತೆಗೆದ ಪ್ಲಾಸ್ಟಿಕ್ ಎಲ್ಲಿಗೆ ಹೋಗಬೇಕೆಂದು ಗ್ರಾಮ ಪಂಚಾಯಿತಿಯವರೊಡನೆ ಮೊದಲೇ ಮಾತನಾಡಿಕೊಳ್ಳಿ. ದಂಡೆಯ ಮೇಲೆ ರಾಶಿ ಹಾಕಿ ಬಿಟ್ಟರೆ ಮೊದಲ ಮಳೆಗೆ ಮತ್ತೆ ಹಳ್ಳಕ್ಕೇ ಬರುತ್ತದೆ. ಸುಡುವುದೂ ಬೇಡ.

ಏನನ್ನು ತೆಗೆಯಬಾರದು ಎಂಬುದೂ ಅಷ್ಟೇ ಮುಖ್ಯ. ದಂಡೆಯ ಮರ, ಬೇರು, ಪೊದೆಗಳನ್ನು ಕಸವೆಂದು ಸವರಬೇಡಿ. ಮಣ್ಣನ್ನು ಹಿಡಿದಿರುವುದು ಅವೇ. ಹಳ್ಳದ ಆಳವಾದ ಗುಂಡಿಗಳನ್ನು ಮುಚ್ಚಬೇಡಿ. ಬೇಸಿಗೆಯಲ್ಲಿ ಮೀನು ಉಳಿಯುವುದು ಅಲ್ಲಿಯೇ. ನಮ್ಮ ಸಣ್ಣ ಹಳ್ಳಗಳಿಗೆ ದೊಡ್ಡ ಯಂತ್ರ ಇಳಿಸಿ ತಳವನ್ನು ಸಪಾಟು ಮಾಡಿದರೆ ನೋಡಲು ಚಂದ ಕಂಡೀತು, ಆದರೆ ನೀರು ನಿಲ್ಲದೆ ಓಡಿಹೋಗಿ ಹಳ್ಳ ಬೇಗ ಬತ್ತುತ್ತದೆ.

ಮೇಲಿನವರು, ಕೆಳಗಿನವರು

ಕೊನೆಯದಾಗಿ ಅತ್ಯಂತ ಕಷ್ಟದ ಮಾತು. ನಡೆದು ನೋಡಿ ಬರೆದ ಪುಸ್ತಕದಲ್ಲಿ ಯಾರ ಮೋರಿ ಎಂಬುದು ಗೊತ್ತಾಗುತ್ತದೆ. ಅವರು ನಮ್ಮ ನೆರೆಯವರು, ನೆಂಟರು, ಒಂದೇ ಸಂಘದ ಸದಸ್ಯರು. ಹೇಳಿದರೆ ಮನಸ್ತಾಪ, ಹೇಳದಿದ್ದರೆ ಹಳ್ಳ ಹಾಳು.

ಇದಕ್ಕೆ ಒಂದೇ ದಾರಿ: ತಮ್ಮ ಮೋರಿಯನ್ನು ಮೊದಲು ತಿರುಗಿಸಿದವರು ಮಾತನಾಡಬೇಕು. ತನ್ನ ಪಲ್ಪರಿನ ನೀರನ್ನು ಹಳ್ಳಕ್ಕೆ ಬಿಟ್ಟು ಇನ್ನೊಬ್ಬರ ಮೋರಿಗೆ ಬೆರಳು ತೋರಿಸಿದರೆ ಯಾರೂ ಕೇಳುವುದಿಲ್ಲ. ತನ್ನ ಗುಂಡಿ, ತೊಟ್ಟಿಗಳನ್ನು ಕರೆದುಕೊಂಡು ಹೋಗಿ ತೋರಿಸಿ, "ಅಣ್ಣ, ನನಗೆ ಇಷ್ಟು ಖರ್ಚಾಯಿತು, ಇಷ್ಟು ಗೊಬ್ಬರ ಬಂತು, ನಿಮಗೂ ಕೈ ಜೋಡಿಸುತ್ತೇವೆ" ಎಂದರೆ ಬಹಳ ಜನ ಒಪ್ಪುತ್ತಾರೆ. ಒಪ್ಪದವರ ಬಳಿಗೆ ಹತ್ತು ಜನ ಕೂಡಿ ಹೋಗಬೇಕು, ಆಮೇಲೆ ಪಂಚಾಯಿತಿಯ ಮುಂದೆ ಇಡಬೇಕು. ಜಲಮಾಲಿನ್ಯ ತಡೆಯುವ ಕಾನೂನು 1974ರಿಂದಲೇ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದೆ. ಅದು ಕೊನೆಯ ಮೆಟ್ಟಿಲು. ಪೇಟೆಯ ಕೊಳಚೆಯೋ ದೊಡ್ಡ ಕಾರ್ಖಾನೆಯ ನೀರೋ ಬರುವ ಕಡೆ ಸಣ್ಣ ಬೆಳೆಗಾರರ ಗುದ್ದಲಿಯಿಂದ ಆಗುವ ಕೆಲಸವಲ್ಲ. ಅಲ್ಲಿ ಊರೇ ಒಂದಾಗಿ ಅರ್ಜಿ ಹಿಡಿದು ಮೇಲಿನ ಮೆಟ್ಟಿಲು ಹತ್ತಲೇಬೇಕು.

ನಾವು ಸಣ್ಣವರು, ನಮ್ಮ ಎರಡು ಎಕರೆಯಿಂದ ಏನಾದೀತು ಎನ್ನಬೇಡಿ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ಒಳ್ಳೆಯ ನೀರಿಗೆ ಹೇಗೋ ಕೊಳೆಗೂ ಹಾಗೆಯೇ. ಪ್ರತಿಯೊಬ್ಬರ ಮೇಲೆಯೂ ಒಬ್ಬರಿದ್ದಾರೆ, ಪ್ರತಿಯೊಬ್ಬರ ಕೆಳಗೂ ಒಬ್ಬರಿದ್ದಾರೆ. ಮೇಲಿನವರಿಂದ ಎಂಥ ನೀರನ್ನು ಬಯಸುತ್ತೇವೆಯೋ ಅಂಥ ನೀರನ್ನೇ ಕೆಳಗಿನವರಿಗೆ ಬಿಡೋಣ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಊರಿನ ಹಳ್ಳಕ್ಕೆ ಎಷ್ಟು ಪಲ್ಪರುಗಳ ನೀರು ಸೇರುತ್ತದೆ? ದಿನಕ್ಕೆ ಎಷ್ಟು ಲೀಟರ್?
2. ಮೇಲೆ ಹೇಳಿದ ಲೆಕ್ಕವನ್ನು ನಿಮ್ಮ ಹಳ್ಳಕ್ಕೆ ಹಾಕಿದರೆ ಏನು ಬರುತ್ತದೆ? ಒಂದು ಬಕೆಟ್ಟು, ಒಂದು ಗಡಿಯಾರ ಇದ್ದರೆ ಹರಿವನ್ನು ಸ್ಥೂಲವಾಗಿ ಅಳೆಯಬಹುದು.
3. ನಾಲ್ಕಾರು ಮನೆಯವರು ಸೇರಿ ಒಂದೇ ಪಲ್ಪರು, ಒಂದೇ ತೊಟ್ಟಿ ಇಟ್ಟುಕೊಳ್ಳಲು ಏನು ಅಡ್ಡಿ?
4. ಮುಂದಿನ ಕೊಯ್ಲಿಗೆ ಮೊದಲು ಯಾವ ಒಂದು ಮೋರಿಯನ್ನು ತಿರುಗಿಸಬಲ್ಲೆವು?